ಕಾಡು ದೇಶದ್ದು, ಪ್ರಾಣಿ ರಾಜ್ಯದ್ದು: ಅಮೆರಿಕದ ಬೇಟೆ ಲೈಸೆನ್ಸಿನ ಒಳಹೊರಗು

ಭಾರತದಲ್ಲಿ ಮೋಜಿನ ಬೇಟೆಗೆ ಲೈಸೆನ್ಸ್ ನೀಡುವ ಪದ್ಧತಿ ಇಂದು ಇತಿಹಾಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1991ರಲ್ಲಿ ತಂದ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿದವು. ಅಮೆರಿಕದಲ್ಲಿ ಪರಿಸ್ಥಿತಿ ತದ್ವಿರುದ್ಧ. ಅಲ್ಲಿ ಶರತ್ಕಾಲ ಬಂತೆಂದರೆ ಲಕ್ಷಾಂತರ ಮಂದಿ ಬಂದೂಕು, ಬಿಲ್ಲು ಹಿಡಿದು ಕಾನೂನುಬದ್ಧವಾಗಿಯೇ ಕಾಡಿಗೆ ಇಳಿಯುತ್ತಾರೆ. ಆದರೆ ತಮ್ಮ ರಾಜ್ಯದ ಗಡಿ ದಾಟಿ ಬೇಟೆಗೆ ಹೊರಡುವವರಿಗೆ ದಾರಿ ಸುಲಭವಲ್ಲ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಸಲ್ಲುವ ಬೇಟೆ ಲೈಸೆನ್ಸ್ ಇಲ್ಲ. ಜಿಂಕೆ, ಕಡವೆಯನ್ನು ಹೋಲುವ ಭಾರಿ ಗಾತ್ರದ ಎಲ್ಕ್, ಕರಡಿ ಮೊದಲಾದ ದೊಡ್ಡ ಪ್ರಾಣಿಗಳ ಬೇಟೆಗೆ ಪ್ರತಿ ರಾಜ್ಯವೂ ತನ್ನದೇ ನಿಯಮ, ಶುಲ್ಕ ಮತ್ತು ಅವಧಿಯನ್ನು ನಿಗದಿಪಡಿಸುತ್ತದೆ. ಪಶ್ಚಿಮದ ವಯೋಮಿಂಗ್ ರಾಜ್ಯದ ಸುಮಾರು ಅರ್ಧದಷ್ಟು ಭೂಮಿ ಕೇಂದ್ರ ಸರ್ಕಾರದ್ದು, ಅಂದರೆ ಎಲ್ಲ ಅಮೆರಿಕನ್ನರದು. ಅದೇ ನೆಲದ ಮೇಲೆ ಮೇಯುವ ಎಲ್ಕ್ ಮಾತ್ರ ರಾಜ್ಯದ ಜನರ ಪರವಾಗಿ ರಾಜ್ಯ ಸರ್ಕಾರ ಕಾಯುವ ಸೊತ್ತು. ಹೊರಗಿನವರು ಎದುರಿಸುವ ಬಹುತೇಕ ನಿರ್ಬಂಧಗಳ ಮೂಲ ಇಲ್ಲಿದೆ.

ನ್ಯಾಯಾಲಯ ಏನೆಂದಿತು?

1976ರಲ್ಲಿ ಮೊಂಟಾನಾದ ನಿವಾಸಿಯೊಬ್ಬ 9 ಡಾಲರ್ ಕೊಟ್ಟು ಎಲ್ಕ್ ಲೈಸೆನ್ಸ್ ಪಡೆಯಬಹುದಿತ್ತು. ಹೊರಗಿನವನು ಹಲವು ಪ್ರಾಣಿಗಳ ಸಂಯುಕ್ತ ಲೈಸೆನ್ಸಿಗಾಗಿ 225 ಡಾಲರ್ ತೆರಬೇಕಿತ್ತು. ಈ ತಾರತಮ್ಯವನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1978ರಲ್ಲಿ ಕೋರ್ಟ್ ರಾಜ್ಯದ ಪರವಾಗಿ ತೀರ್ಪಿತ್ತಿತು. ಮೋಜಿನ ಬೇಟೆಯು ಸಂವಿಧಾನ ಎಲ್ಲ ರಾಜ್ಯಗಳ ನಾಗರಿಕರಿಗೂ ಸಮಾನವಾಗಿ ಖಾತರಿಪಡಿಸುವ ಮೂಲಭೂತ ಸವಲತ್ತುಗಳಲ್ಲಿ ಸೇರುವುದಿಲ್ಲ ಎಂಬುದು ಅದರ ಸಾರ.

ಅರಿಜೋನಾ ರಾಜ್ಯ ಹೊರಗಿನವರಿಗೆ ವಿಧಿಸಿದ್ದ ಶೇ. 10ರ ಮಿತಿಯನ್ನು 2002ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಅನುಮಾನದಿಂದ ಕಂಡಿತು. ಆದರೆ 2005ರಲ್ಲಿ ಅಮೆರಿಕದ ಸಂಸತ್ತು ಹೊಸ ಕಾನೂನು ತಂದು, ನಿವಾಸಿಗಳು ಮತ್ತು ಹೊರಗಿನವರ ನಡುವೆ ಭೇದ ಮಾಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸ್ಪಷ್ಟಪಡಿಸಿತು.

ವಯೋಮಿಂಗ್ ಉದಾಹರಣೆ

ಇಂದಿಗೂ ಈ ಅಂತರ ದೊಡ್ಡದು. 2024ರ ದರದಂತೆ ವಯೋಮಿಂಗ್‌ನಲ್ಲಿ ಎಲ್ಕ್ ಲೈಸೆನ್ಸಿಗೆ ನಿವಾಸಿ ತೆರುವುದು 57 ಡಾಲರ್, ಹೊರಗಿನವನು ತೆರುವುದು 692 ಡಾಲರ್. ಸ್ಪರ್ಧೆ ಕಡಿಮೆ ಇರಬಹುದೆಂಬ ಆಸೆಯಿಂದ 'ವಿಶೇಷ' ವರ್ಗದಲ್ಲಿ ಅರ್ಜಿ ಹಾಕಿದರೆ 1,950 ಡಾಲರ್. ಪ್ರಾಣಿ ಒಂದೇ, ಕಾಡೂ ಒಂದೇ.

ಹಣವಿದ್ದ ಮಾತ್ರಕ್ಕೆ ಲೈಸೆನ್ಸ್ ಸಿಗದು. ಹೊರಗಿನವರು ವರ್ಷದ ಆರಂಭದಲ್ಲೇ ಅರ್ಜಿ ಸಲ್ಲಿಸಿ ಲಾಟರಿಗಾಗಿ ಕಾಯಬೇಕು. ಲಾಟರಿಯಲ್ಲಿ ಸೋತವರು ಶುಲ್ಕ ಕೊಟ್ಟು 'ಆದ್ಯತಾ ಅಂಕ' ಪಡೆದು, ವರ್ಷದಿಂದ ವರ್ಷಕ್ಕೆ ಕೂಡಿಸಿಕೊಳ್ಳಬಹುದು. ಹೊರಗಿನವರ ಪಾಲಿನ ಶೇ. 75ರಷ್ಟು ಲೈಸೆನ್ಸ್ ಹೆಚ್ಚು ಅಂಕ ಉಳ್ಳವರಿಗೆ, ಉಳಿದ ಶೇ. 25 ಅದೃಷ್ಟಕ್ಕೆ. ನೆರೆಯ ಕೊಲರಾಡೊದ ಪಶ್ಚಿಮ ಭಾಗದಲ್ಲಿ ಹೊರ ರಾಜ್ಯದ ಬಿಲ್ಲುಗಾರರು ಅನೇಕ ಕಡೆ ಎಲ್ಕ್ ಲೈಸೆನ್ಸನ್ನು ನೇರವಾಗಿ ಕೊಳ್ಳಬಹುದಿತ್ತು. 2025ರಿಂದ ಅಲ್ಲಿಯೂ ಲಾಟರಿ ಬಂದಿದೆ.

ಮನೆ ಬಾಡಿಗೆಗೆ ಪಡೆದು 'ನಾನೂ ಇಲ್ಲಿಯವನೇ' ಎನ್ನುವಂತಿಲ್ಲ. ವಯೋಮಿಂಗ್ ನಿವಾಸಿ ಎನಿಸಿಕೊಳ್ಳಲು ಪೂರ್ತಿ ಒಂದು ವರ್ಷ ಅಲ್ಲಿ ನೆಲೆಸಿರಬೇಕು. ಸುಳ್ಳು ಘೋಷಣೆ ಶಿಕ್ಷಾರ್ಹ ಅಪರಾಧ. 1966ರ ಜನವರಿ 1 ಅಥವಾ ಅನಂತರ ಹುಟ್ಟಿದವರು ಬೇಟೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ ಹೊಂದಿರಬೇಕು.

ಲೈಸೆನ್ಸ್ ಕೈಸೇರಿದ ಬಳಿಕ

ಕೇಂದ್ರ ಸರ್ಕಾರ 'ವಿಲ್ಡರ್‌ನೆಸ್' ಎಂದು ಘೋಷಿಸಿದ ದಟ್ಟ ಅರಣ್ಯಗಳಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಡೇರೆ ಹಾಕಬಹುದು. ಆದರೆ ವಯೋಮಿಂಗ್‌ನಲ್ಲಿ ಅದೇ ಕಾಡಿನೊಳಗೆ ಹೊರಗಿನವರು ದೊಡ್ಡ ಪ್ರಾಣಿಯನ್ನು ಬೇಟೆಯಾಡಬೇಕಿದ್ದರೆ ಲೈಸೆನ್ಸ್ ಇರುವ ಗೈಡ್ ಅಥವಾ ಅನುಮತಿ ಪಡೆದ ಸ್ಥಳೀಯ ನಿವಾಸಿ ಜತೆಗಿರಲೇಬೇಕು.

ಖಾಸಗಿ ಜಮೀನಿನ ತೊಡಕು ಇನ್ನೊಂದು. ಮಿಸೌರಿ ರಾಜ್ಯದ ನಾಲ್ವರು ಬೇಟೆಗಾರರು 2021ರಲ್ಲಿ ವಯೋಮಿಂಗ್‌ನ ಒಂದು ಸರ್ಕಾರಿ ತುಂಡು ಭೂಮಿಯಿಂದ ಮತ್ತೊಂದಕ್ಕೆ, ಅವು ಮೂಲೆಯಲ್ಲಿ ಕೂಡುವ ಬಿಂದುವಿನ ಮೇಲೆ ದಾಟಿದರು. ಅಕ್ಕಪಕ್ಕದ ಜಮೀನಿನ ಮಾಲೀಕ ಅತಿಕ್ರಮಣವೆಂದು ಕೋರ್ಟಿಗೆ ಹೋದ. 2025ರಲ್ಲಿ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ನಿಂತಿತು. ಅಲ್ಲಿಯವರೆಗೆ ಅವರು ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು.

ಪ್ರಾಣಿ ಬಿದ್ದ ಮೇಲೂ ನಿಯಮಗಳು ಮುಗಿಯುವುದಿಲ್ಲ. ಲೈಸೆನ್ಸಿನೊಂದಿಗೆ ಬರುವ ಚೀಟಿಯಲ್ಲಿ ದಿನಾಂಕ ಗುರುತಿಸಿ ಪ್ರಾಣಿಗೆ ಲಗತ್ತಿಸಬೇಕು. ಜಿಂಕೆ ಜಾತಿಯ ಮಿದುಳನ್ನು ಕೊರೆಯುವ, ಮದ್ದಿಲ್ಲದ ರೋಗವೊಂದು ಹರಡುತ್ತಿರುವುದರಿಂದ ತಲೆ ಮತ್ತು ಬೆನ್ನುಹುರಿಯನ್ನು ಗಡಿಯಾಚೆ ಸಾಗಿಸಲು ಅನೇಕ ರಾಜ್ಯಗಳಲ್ಲಿ ನಿರ್ಬಂಧವಿದೆ. ಅಕ್ರಮವಾಗಿ ಕೊಂದ ಪ್ರಾಣಿಯನ್ನು ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಅದು ಕೇಂದ್ರದ ಅಪರಾಧ. ಒಂದು ರಾಜ್ಯದಲ್ಲಿ ಲೈಸೆನ್ಸ್ ರದ್ದಾದರೆ, ಪರಸ್ಪರ ಒಪ್ಪಂದದ ಪ್ರಕಾರ ದೇಶದ ಬಹುತೇಕ ಎಲ್ಲ ರಾಜ್ಯಗಳ ಬಾಗಿಲೂ ಮುಚ್ಚಬಹುದು.

ಅಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರು ಗಮನಿಸಬೇಕಾದ ಅಂಶವೂ ಇದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾ ಮೇಲೆ ಹೋದವರು ಬಂದೂಕು ಹೊಂದುವುದನ್ನು ಅಮೆರಿಕದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಸಹೋದ್ಯೋಗಿ ಕರೆದನೆಂದು ಲೈಸೆನ್ಸ್ ಇಲ್ಲದೆ ಬಂದೂಕು ಹಿಡಿಯುವ ಮುನ್ನ ವಕೀಲರ ಸಲಹೆ ಪಡೆಯುವುದು ಒಳಿತು.

ಹೊರಗಿನವರ ಶುಲ್ಕ ವಯೋಮಿಂಗ್‌ನ ವನ್ಯಜೀವಿ ಇಲಾಖೆಯ ಲೈಸೆನ್ಸ್ ಆದಾಯದ ದೊಡ್ಡ ಪಾಲು. ವರ್ಷವಿಡೀ ಆ ಪ್ರಾಣಿಗಳೊಂದಿಗೆ ಬದುಕಿ, ಬೇಲಿ ಮುರಿದ, ಮೇವು ತಿಂದ ನಷ್ಟ ಸಹಿಸುವವರು ನಾವು ಎಂಬುದು ಸ್ಥಳೀಯರ ವಾದ. ಕಾಡೂ ನಮ್ಮದು, ಖರ್ಚೂ ನಮ್ಮದು ಎಂಬುದು ಹೊರಗಿನವರ ಅಳಲು. ದರ ಮತ್ತು ಪಾಲನ್ನು ನಿರ್ಧರಿಸುವ ಶಾಸನಸಭೆಗೆ ಮತ ಹಾಕುವವರು ಮಾತ್ರ ಸ್ಥಳೀಯರೇ. ಆದ್ದರಿಂದ ಅರ್ಜಿ ಹಾಕುವವರು ಆಯಾ ವರ್ಷದ ನಿಯಮಾವಳಿಯನ್ನು ಹೊಸದಾಗಿ ಓದಿಯೇ ಮುಂದುವರಿಯಬೇಕು. ಕಳೆದ ವರ್ಷ ಸಲ್ಲುತ್ತಿದ್ದುದು ಈ ವರ್ಷ ಅಪರಾಧವಾಗಿರಬಹುದು.