ಬೆಂಕಿಪೊಟ್ಟಣದೊಳಗಿನ ಮೋಟಾರು

ಕುಂದಾಪುರದ ಸುತ್ತಿನ ಹೆಂಚಿನ ಕಾರ್ಖಾನೆಗಳನ್ನು ಕಂಡವರಿಗೆ ಅಚ್ಚಿನ ಕೆಲಸ ಹೊಸತಲ್ಲ. ಹದಗೊಳಿಸಿದ ಆವೆಮಣ್ಣನ್ನು ಎರಡು ಅಚ್ಚುಗಳ ನಡುವೆ ಒತ್ತಿದಾಗ ಹೆಂಚಿನ ಅಂಚು, ತೋಡು, ಕಾರ್ಖಾನೆಯ ಹೆಸರು ಎಲ್ಲವೂ ಒಮ್ಮೆಗೇ ಮೂಡುತ್ತವೆ. ಅಂಗೈಯಲ್ಲಿ ಅಡಗುವ ಲೋಹದ ಆಟಿಕೆಯ ಕಾರಿಗೂ ಅಚ್ಚೇ ತಾಯಿ; ಆದರೆ ಅದರೊಳಗೆ ಹೋಗುವುದು ಮಣ್ಣಲ್ಲ, ಕರಗಿದ ಸತು. ಇಂತಹ ಕಾರುಗಳನ್ನು ಇಂದು ಹಿರಿಯರೂ ಆಸ್ಥೆಯಿಂದ ಸಂಗ್ರಹಿಸುತ್ತಾರೆ. ಅವುಗಳ ರೂಪವನ್ನೂ ಆಯುಸ್ಸನ್ನೂ ನಿರ್ಧರಿಸುವುದು ಯಾವುದೆಂಬುದನ್ನು ನಾವು ವಿಚಾರಿಸೋಣ.

ಸತುವಿಗೆ ನೂರಕ್ಕೆ ನಾಲ್ಕು ಪಾಲಿನಷ್ಟು ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹವು ಸುಮಾರು 380 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಉಕ್ಕಿನ ಅಚ್ಚು ಈ ಶಾಖವನ್ನು ಸುಲಭವಾಗಿ ತಾಳಬಲ್ಲುದಾದುದರಿಂದ, ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಕಾರುಗಳನ್ನು ಎರಕ ಹೊಯ್ಯಬಹುದು. ಒತ್ತಡದಿಂದ ನುಗ್ಗುವ ಲೋಹವು ಅತಿ ಸೂಕ್ಷ್ಮವಾದ ಗೆರೆಗಳೊಳಕ್ಕೂ ಇಳಿಯುತ್ತದೆ. ಆದರೆ ಅಚ್ಚು ತೆರೆದಾಗ ಎರಕವು ಸಿಕ್ಕಿಕೊಳ್ಳದೆ ಹೊರಬರಬೇಕಷ್ಟೆ? ಅದಕ್ಕಾಗಿ ಅದರ ಬದಿಗಳನ್ನು ತುಸು ಓರೆಯಾಗಿಸುತ್ತಾರೆ. ಒಡಲನ್ನು ಪೊಳ್ಳಾಗಿ ಬಿಟ್ಟು, ತಳವನ್ನು ಬೇರೆಯಾಗಿ ಮಾಡಿ ಜೋಡಿಸುತ್ತಾರೆ.

ಇದರ ಗಾತ್ರದ ಕತೆಯೂ ಸ್ವಾರಸ್ಯವಾದುದು. 1947ರಲ್ಲಿ ಲಂಡನ್ನಿನಲ್ಲಿ ಲೆಸ್ನಿ ಕಂಪೆನಿ ಸ್ಥಾಪನೆಯಾಯಿತು. ಅದರ ಪಾಲುದಾರರಾದ ಜಾಕ್ ಓಡೆಲ್ಲರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತು. ಓಡೆಲ್ಲರು ಹಿತ್ತಾಳೆಯಲ್ಲಿ ಪುಟ್ಟದೊಂದು ರೋಡ್ ರೋಲರನ್ನು ಮಾಡಿಕೊಟ್ಟರು. 1953ರಲ್ಲಿ ಆರಂಭವಾದ ‘ಮ್ಯಾಚ್‌ಬಾಕ್ಸ್’ ಮಾಲಿಕೆಯ ಮೂಲ ಇದೇ. ಪೊಟ್ಟಣವೇ ಅಳತೆಗೋಲಾದುದರಿಂದ ದೊಡ್ಡ ಬಸ್ಸನ್ನು ಹೆಚ್ಚು ಕುಗ್ಗಿಸಬೇಕಾಯಿತು, ಸಣ್ಣ ಕಾರನ್ನು ಕಡಿಮೆ.

1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪೆನಿಯು ‘ಹಾಟ್ ವೀಲ್ಸ್’ ಕಾರುಗಳನ್ನು ಹೊರತಂದಿತು. ತೆಳುವಾದ ಉಕ್ಕಿನ ತಂತಿಯ ಅಚ್ಚುಗಂಬಿ, ಜಾರುವ ಪ್ಲಾಸ್ಟಿಕ್ಕಿನ ಆಸರೆ. ಇವುಗಳಿಂದ ಘರ್ಷಣೆ ತಗ್ಗಿ, ಆ ಕಾರುಗಳು ಬಹುದೂರ ಓಡಿದವು. ಮರುವರ್ಷ ಲೆಸ್ನಿಯೂ ತನ್ನ ಗಾಲಿಗಳನ್ನು ಬದಲಾಯಿಸಬೇಕಾಯಿತು. ಆದರೂ 1982ರಲ್ಲಿ ಲೆಸ್ನಿ ದಿವಾಳಿಯಾಯಿತು. 1997ರಲ್ಲಿ ಮ್ಯಾಚ್‌ಬಾಕ್ಸ್ ಹೆಸರು ಮ್ಯಾಟೆಲ್ಲಿನ ಕೈಸೇರಿತು.

ಇನ್ನು ಆಯುಸ್ಸಿನ ಮಾತು. ಸತುವಿನಲ್ಲಿ ಅತ್ಯಲ್ಪ ಸೀಸ ಬೆರೆತರೂ ಅದು ಲೋಹದ ಹರಳುಗಳ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ತೇವವು ಆ ಸಂದುಗಳನ್ನು ಹಿಡಿದು ಒಳಹೊಕ್ಕು ಲೋಹವನ್ನು ತಿನ್ನುತ್ತದೆ. ಆಗ ಕಾರು ಉಬ್ಬಿ, ಬಿರಿದು, ಕೊನೆಗೆ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ‘ಡಿಂಕಿ’ ಕಾರುಗಳಲ್ಲಿ ಎಷ್ಟೋ ಹೀಗೆಯೇ ಹಾಳಾಗಿವೆ. ಶೇಕಡ 99.99ರಷ್ಟು ಶುದ್ಧವಾದ ಸತುವಿನ ಬಳಕೆಯೊಂದೇ ಇದಕ್ಕೆ ತಡೆ. ತಗಲಿದ ಬಳಿಕ ಮದ್ದಿಲ್ಲ. ಮೇಲೆ ಹಚ್ಚಿದ ಬಣ್ಣವೂ ರಕ್ಷಿಸಲಾರದು, ಕೇಡು ಇರುವುದು ಒಳಗೆ. ಆದರೆ ಪಕ್ಕದ ಕಾರಿಗೆ ಇದು ಅಂಟುವುದಿಲ್ಲ.

ಸೆಕೆಯೂ ತೇವವೂ ಕೂಡಿದಲ್ಲಿ ಈ ಕೇಡು ಬೇಗನೆ ಬೆಳೆಯುತ್ತದೆ. ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಕಡಲಂಚಿನ ಮನೆಗಳಲ್ಲಿ ಅವೆರಡಕ್ಕೂ ಕೊರತೆಯಿಲ್ಲ. ಉಪ್ಪುಗಾಳಿಯು ಉಕ್ಕಿನ ಅಚ್ಚುಗಂಬಿಗೂ ತುಕ್ಕು ತರುತ್ತದೆ. ಆದುದರಿಂದ ಹಳೆಯ ಕಾರನ್ನು ಕೊಳ್ಳುವವರು ಹೊಳಪಿಗೆ ಮರುಳಾಗದೆ ಅದನ್ನು ಮಗುಚಿ ನೋಡಬೇಕು. ಒಡಲಿನಲ್ಲಿ ಬಿರುಕಿಲ್ಲದೆ, ತಳ ಡೊಂಕಾಗದೆ ಇದ್ದರೆ, ಮಳೆಗಾಲದಲ್ಲಿ ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಟ್ಟರಾಯಿತು. ಅಂತಹ ಕಾರು ಮೊಮ್ಮಕ್ಕಳ ಕೈಗೂ ದಕ್ಕೀತು.