ಸಂತೆ ಕೂಡದ ಮೈದಾನ

ಒಳ್ಳೆಯ ಸರಕಿಗೆ ಗಿರಾಕಿ ತಾನಾಗಿಯೇ ಬರುತ್ತಾನೆ ಎಂಬ ಮಾತನ್ನು ನಾವೆಲ್ಲರೂ ನಂಬಿಕೊಂಡು ಬಂದವರು. ಅಕ್ಕಿ, ಬಟ್ಟೆ, ಕತ್ತಿ, ಹಾರೆಗಳ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಇಂದು ಮನೆಮನೆಯಲ್ಲೂ ಕಾಣುವ ಸ್ಮಾರ್ಟ್ ಫೋನಿನ ವ್ಯವಹಾರದಲ್ಲಿ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಒಳ್ಳೆಯ ಸರಕೂ ಸೋತಿದೆ. ಸೋತವರಾದರೂ ಬಡಪಾಯಿಗಳಲ್ಲ, ಲೋಕದ ಅತಿ ಸಿರಿವಂತ ಕಂಪೆನಿಗಳಲ್ಲಿ ಒಂದು. ಇದು ಹೇಗಾಯಿತು ಎಂಬುದನ್ನು ತಿಳಿದುಕೊಳ್ಳುವುದು, ಎಣಿಕೆಯಲ್ಲಿ ಸಣ್ಣವರಾದ ನಮಗೆ ಇತರರಿಗಿಂತ ಸುಲಭವೆಂದು ತೋರುತ್ತದೆ.

ಫೋನಿನ ಹೊರಮೈ ಗಾಜು, ಲೋಹ, ಪ್ಲಾಸ್ಟಿಕ್ಕುಗಳದ್ದು. ಅದರೊಳಗೆ ಕುಳಿತು ಎಲ್ಲವನ್ನೂ ನಡೆಸುವ ಯಜಮಾನನೊಬ್ಬನಿದ್ದಾನೆ. ಅವನೇ ಆಪರೇಟಿಂಗ್ ಸಿಸ್ಟಮ್. ಇಂದು ಲೋಕದಲ್ಲಿ ಇಂತಹ ಯಜಮಾನರು ಮುಖ್ಯವಾಗಿ ಇಬ್ಬರೇ: ಗೂಗಲಿನ ಆಂಡ್ರಾಯ್ಡ್ ಮತ್ತು ಆಪಲಿನ ಐಓಎಸ್. ನಮ್ಮ ದೇಶದ ಸ್ಮಾರ್ಟ್ ಫೋನುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವು ಆಂಡ್ರಾಯ್ಡಿನವು. ಮೂರನೆಯವನಾಗಲು ಬಂದವರು ಅನೇಕರು. ನೆಲೆ ನಿಂತವರು ವಿರಳ.

ಮೈಕ್ರೋಸಾಫ್ಟಿನ ಪ್ರಯತ್ನ

ಅವರಲ್ಲಿ ಅತಿ ದೊಡ್ಡವನು ಮೈಕ್ರೋಸಾಫ್ಟ್. ಆಪಲ್ ಕಂಪೆನಿ 2007ರಲ್ಲಿ ಐಫೋನನ್ನು ಮಾರುಕಟ್ಟೆಗೆ ತಂದಿತು. 2008ರ ಜುಲೈಯಲ್ಲಿ ಆಪ್‌ಗಳ ಅಂಗಡಿಯನ್ನು ತೆರೆಯಿತು. ಅದೇ ವರ್ಷ ಆಂಡ್ರಾಯ್ಡಿನ ಮೊದಲ ಫೋನೂ ಬಂದಿತು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಫೋನನ್ನು ಹೊರತಂದದ್ದು 2010ರ ಅಕ್ಟೋಬರಿನಲ್ಲಿ. ಎರಡು ಮೂರು ವರ್ಷಗಳ ತಡ ದೊಡ್ಡದಲ್ಲವೆಂದು ಕಾಣಬಹುದು. ಆದರೆ ಅಷ್ಟರೊಳಗೆ ಆಪಲಿನ ಅಂಗಡಿಯಲ್ಲಿ ಎರಡೂವರೆ ಲಕ್ಷಕ್ಕೂ ಮೀರಿ ಆಪ್‌ಗಳು ತುಂಬಿಹೋಗಿದ್ದವು.

2011ರ ಫೆಬ್ರವರಿಯಲ್ಲಿ ನೋಕಿಯಾ ಕಂಪೆನಿ ಮೈಕ್ರೋಸಾಫ್ಟಿನೊಡನೆ ಕೈಜೋಡಿಸಿತು. ಆ ಕಾಲಕ್ಕೆ ನಮ್ಮ ಊರುಗಳಲ್ಲಿ ಮೊಬೈಲೆಂದರೆ ನೋಕಿಯಾ ಎಂಬಂತಿತ್ತು. ಅದೇ ವರ್ಷದ ಕೊನೆಗೆ ಲೂಮಿಯಾ ಎಂಬ ಹೆಸರಿನ ಫೋನುಗಳು ಬಂದವು. ಪರದೆಯ ಮೇಲೆ ಬಣ್ಣದ ಚೌಕಗಳು, ಚೊಕ್ಕ ಅಕ್ಷರಗಳು, ಗಟ್ಟಿ ಕವಚ, ಒಳ್ಳೆಯ ಕ್ಯಾಮೆರಾ. 2013ರಲ್ಲಿ ಬಂದ ಲೂಮಿಯಾ 520 ಹತ್ತು ಸಾವಿರ ರೂಪಾಯಿಗಳ ಆಸುಪಾಸಿನದು. ಕಡಿಮೆ ಶಕ್ತಿಯ ಯಂತ್ರದಲ್ಲೂ ತಡವರಿಸದೆ ಓಡುತ್ತಿತ್ತೆಂಬ ಹೊಗಳಿಕೆಗೆ ಪಾತ್ರವಾಯಿತು. ಸರಕಿನಲ್ಲಿ ದೋಷವಿರಲಿಲ್ಲ. ಆದರೂ ಲೋಕದ ಒಟ್ಟು ಮಾರಾಟದಲ್ಲಿ ವಿಂಡೋಸ್ ಫೋನಿನ ಪಾಲು ನೂರರಲ್ಲಿ ಮೂರು ನಾಲ್ಕರ ಆಚೆ ದಾಟಲೇ ಇಲ್ಲ.

ಕೊಳ್ಳುವವನೂ ಮಾರುವವನೂ

ಏಕೆ? ವಾರದ ಸಂತೆಯನ್ನು ನೆನೆಯೋಣ. ಗಿರಾಕಿಗಳು ಬರುತ್ತಾರೆಂದು ವ್ಯಾಪಾರಿ ಬರುತ್ತಾನೆ. ವ್ಯಾಪಾರಿಗಳು ಇದ್ದಾರೆಂದು ಗಿರಾಕಿ ಬರುತ್ತಾನೆ. ಪಕ್ಕದ ಊರಿನಲ್ಲಿ ಯಾರೋ ಪುಣ್ಯಾತ್ಮರು ವಿಶಾಲವಾದ ಮೈದಾನ, ನೆರಳು, ನೀರು ಎಲ್ಲವನ್ನೂ ಒದಗಿಸಿ ಹೊಸ ಸಂತೆ ಮಾಡುತ್ತೇವೆಂದರೆ ಮೊದಲು ಹೋಗುವವರು ಯಾರು? ಗಿರಾಕಿಯಿಲ್ಲದ ಕಡೆ ಬುಟ್ಟಿ ಇಳಿಸಲು ವ್ಯಾಪಾರಿಗೆ ಧೈರ್ಯವಿಲ್ಲ. ಸರಕಿಲ್ಲದ ಕಡೆ ನಡೆದುಹೋಗಲು ಗಿರಾಕಿಗೆ ಮನಸ್ಸಿಲ್ಲ. ಮೈದಾನ ಎಷ್ಟು ಚೆನ್ನಾಗಿದ್ದರೂ ಸಂತೆ ಕೂಡುವುದಿಲ್ಲ.

ಫೋನಿನ ಸಂಗತಿಯೂ ಇದೇ. ಆಪ್ ತಯಾರಿಸುವವನು ಒಂದೊಂದು ಬಗೆಯ ಫೋನಿಗೂ ಬೇರೆ ಬೇರೆಯಾಗಿ ದುಡಿಯಬೇಕು, ಬೇರೆ ಬೇರೆಯಾಗಿ ದುರಸ್ತಿ ಮಾಡುತ್ತಿರಬೇಕು. ನೂರರಲ್ಲಿ ತೊಂಬತ್ತಾರು ಮಂದಿ ಎರಡು ಕಡೆ ಸಿಗುವಾಗ ಉಳಿದ ನಾಲ್ವರಿಗಾಗಿ ಮೂರನೆಯ ಖರ್ಚನ್ನು ಅವನೇಕೆ ಹೊರಬೇಕು? ಮೈಕ್ರೋಸಾಫ್ಟ್ ಹಣ ಕೊಟ್ಟು ನೋಡಿತು. ಕೆಲವರಿಗೆ ತಾನೇ ಆಪ್ ಬರೆದುಕೊಟ್ಟಿತು. 2014ರಲ್ಲಿ ತನ್ನ ಅಂಗಡಿಯಲ್ಲಿ ಮೂರು ಲಕ್ಷ ಆಪ್‌ಗಳಿವೆಯೆಂದು ಹೇಳಿಕೊಂಡಿತು. ಆಗ ಆಂಡ್ರಾಯ್ಡಿನ ಅಂಗಡಿ ಹತ್ತು ಲಕ್ಷವನ್ನು ದಾಟಿತ್ತು. ಅದಕ್ಕಿಂತಲೂ ಮುಖ್ಯವಾಗಿ, ಜನ ಕೇಳುವ ಆ ಹತ್ತಿಪ್ಪತ್ತು ಆಪ್‌ಗಳು ತಡವಾಗಿ ಬಂದವು, ಇಲ್ಲವೇ ಬರಲೇ ಇಲ್ಲ. ಇನ್‌ಸ್ಟಾಗ್ರಾಮ್ 2013ರ ನವೆಂಬರಿನಲ್ಲಿ ಬಂದಿತು, ಸ್ನ್ಯಾಪ್‌ಚಾಟ್ ಬರಲಿಲ್ಲ.

ಎದುರಾಳಿಯ ಕೈಯಲ್ಲಿ ಕೀಲಿಕೈ ಇದ್ದುದು ಇನ್ನೊಂದು ತೊಡಕು. ಯೂಟ್ಯೂಬ್ ಗೂಗಲಿನದು. ಅದು ವಿಂಡೋಸ್ ಫೋನಿಗೆ ಸರಿಯಾದ ಆಪ್ ಮಾಡಿಕೊಡಲಿಲ್ಲ. ಮೈಕ್ರೋಸಾಫ್ಟ್ ತಾನೇ ಮಾಡಿದಾಗ, ನಿಯಮಕ್ಕೆ ವಿರುದ್ಧವೆಂದು ಹೇಳಿ 2013ರಲ್ಲಿ ಗೂಗಲ್ ಅದನ್ನು ತಡೆಯಿತು. ಬೆಲೆಯ ಲೆಕ್ಕದಲ್ಲೂ ಮೈಕ್ರೋಸಾಫ್ಟ್ ಹಿಂದೆ ಬಿದ್ದಿತು. ಆಂಡ್ರಾಯ್ಡ್ ಫೋನು ತಯಾರಕರಿಗೆ ಶುಲ್ಕವಿಲ್ಲದೆ ಸಿಗುತ್ತಿದ್ದಾಗ, ಮೈಕ್ರೋಸಾಫ್ಟ್ ಪ್ರತಿ ಫೋನಿಗೂ ಹಣ ಕೇಳುತ್ತಿತ್ತು. ಸಣ್ಣ ಪರದೆಯ ಸಾಧನಗಳಿಗೆ ಆ ಶುಲ್ಕವನ್ನು ಕೈಬಿಟ್ಟದ್ದು 2014ರಲ್ಲಿ. ಆಗ ಹೊತ್ತು ಮೀರಿತ್ತು.

ನಂಬಿದವರನ್ನು ಕೈಬಿಟ್ಟದ್ದು ಕೊನೆಯ ತಪ್ಪು. ಮೊದಲು ಕೊಂಡವರ ವಿಂಡೋಸ್ ಫೋನ್ 7ನ್ನು 8ನೆಯ ಆವೃತ್ತಿಗೆ ಏರಿಸಲು ಸಾಧ್ಯವಿಲ್ಲವೆಂದು 2012ರಲ್ಲಿ ತಿಳಿಸಲಾಯಿತು. ಹೊಸ ಸಂತೆಗೆ ಧೈರ್ಯಮಾಡಿ ಮೊದಲು ಬಂದವನನ್ನೇ ಹೊರಗೆ ನಿಲ್ಲಿಸಿದರೆ ಎರಡನೆಯವನು ಬರುವನೇ?

ನಷ್ಟದ ಲೆಕ್ಕ

ನೋಕಿಯಾದ ಫೋನು ವಿಭಾಗವನ್ನು ಕೊಳ್ಳುವುದಾಗಿ ಮೈಕ್ರೋಸಾಫ್ಟ್ 2013ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಬೆಲೆ 544 ಕೋಟಿ ಯೂರೋ. ವ್ಯವಹಾರ ಮುಗಿದದ್ದು 2014ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಕಂಪೆನಿಯ ಚುಕ್ಕಾಣಿ ಸತ್ಯ ನಾದೆಲ್ಲಾ ಅವರ ಕೈಗೆ ಬಂದಿತ್ತು. ನಮ್ಮ ನೆರೆಯ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಅವರು, ಈ ಖರೀದಿ ತಮಗೆ ಒಪ್ಪಿಗೆಯಿರಲಿಲ್ಲವೆಂದು ಮುಂದೆ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 2015ರ ಜುಲೈಯಲ್ಲಿ 760 ಕೋಟಿ ಡಾಲರನ್ನು ನಷ್ಟವೆಂದು ಬರೆದುಹಾಕಲಾಯಿತು. 7,800 ಮಂದಿಯ ಉದ್ಯೋಗ ಹೋಯಿತು. ಚೆನ್ನೈ ಸಮೀಪದ ಶ್ರೀಪೆರುಂಬುದೂರಿನ ನೋಕಿಯಾ ಕಾರ್ಖಾನೆ ತೆರಿಗೆಯ ತಗಾದೆಯಿಂದಾಗಿ ಈ ಖರೀದಿಯೊಳಗೆ ಸೇರಲಿಲ್ಲ. 2014ರ ನವೆಂಬರ್ 1ರಂದು ಅಲ್ಲಿ ಉತ್ಪಾದನೆ ನಿಂತಿತು. ದೂರದ ಅಮೆರಿಕದಲ್ಲಿ ಆದ ಲೆಕ್ಕಾಚಾರದ ಬಿಸಿ ನಮ್ಮ ನೆರೆಯ ಕೂಲಿಕಾರರನ್ನೂ ತಟ್ಟಿತು. 2019ರ ಕೊನೆಗೆ ವಾಟ್ಸಾಪ್ ಕೂಡ ವಿಂಡೋಸ್ ಫೋನನ್ನು ಬಿಟ್ಟುಹೋಯಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತಾನೂ ಅದರ ರಕ್ಷಣೆಯನ್ನು ನಿಲ್ಲಿಸಿತು.

ಹಾಗಾದರೆ ಹೊಸಬರಿಗೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ಹಳೆಯ ಸಂತೆಯ ಎದುರಿಗಲ್ಲ. ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಓಎಸ್ 2014ರಲ್ಲಿ ನಮ್ಮ ದೇಶಕ್ಕೆ ಎರಡು ಸಾವಿರ ರೂಪಾಯಿಗೂ ಕಡಿಮೆ ಬೆಲೆಯ ಸ್ಮಾರ್ಟ್ ಫೋನಾಗಿ ಬಂದು ಸೋತಿತು. ಅದರ ಬೇರಿನಿಂದಲೇ ಚಿಗುರಿದ ಕಾಯ್ ಓಎಸ್, 2017ರಲ್ಲಿ ಗುಂಡಿ ಒತ್ತುವ ಜಿಯೋಫೋನಿನೊಳಗೆ ಕುಳಿತು ಬಂದಾಗ ಜನ ಕೊಂಡರು. ಸ್ಮಾರ್ಟ್ ಫೋನು ಕೊಳ್ಳಲಾಗದವರ ಬಳಿಗೆ ಅದು ಹೋಗಿತ್ತು. ಅಲ್ಲಿ ಎದುರಾಳಿಯ ಸಂತೆ ಇರಲಿಲ್ಲ. ಚೀನಾದ ಹುವಾವೇ ಕಂಪೆನಿಗೆ 2019ರಲ್ಲಿ ಅಮೆರಿಕ ನಿರ್ಬಂಧ ಹಾಕಿದಾಗ ಅದು ಹಾರ್ಮನಿ ಓಎಸ್ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟಿತು. ಗೂಗಲಿನ ಸೇವೆಗಳು ಮೊದಲೇ ಇಲ್ಲದ ಚೀನಾದೊಳಗೆ ಅದು ಬೇರೂರಿತು; ಹೊರಗೆ ಬೇರೂರುವುದು ಕಷ್ಟವಾಗಿದೆ.

ನಮಗೆ ಇದರಲ್ಲೇನು?

ಕನ್ನಡ ಶಾಲೆಗಳ ಮೇಷ್ಟ್ರುಗಳಾದ ನಮಗೆ ಈ ಕಥೆ ತೀರ ಪರಿಚಿತ. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆಯಾಗುತ್ತದೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ; ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ; ಅಧ್ಯಾಪಕರಿಲ್ಲವೆಂದು ಮರುವರ್ಷ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ. ಇದರಲ್ಲಿ ಪಾಠ ಹೇಗಿತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಣಿಕೆ ಎಣಿಕೆಯನ್ನು ತಿನ್ನುತ್ತದೆ.

ಎಣಿಕೆಯೊಂದೇ ಯಜಮಾನನಾದ ಕಡೆ ಸಣ್ಣವರಿಗೆ ಕಾನೂನಿನ ಆಸರೆ ಬೇಕು. ಸಂವಿಧಾನದ 350 ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಫೋನಿನ ಮಾರುಕಟ್ಟೆಗೂ ಅಂತಹ ಕೈ ಬೇಕಾಯಿತು. ಆಂಡ್ರಾಯ್ಡಿನ ಬಲವನ್ನು ದುರುಪಯೋಗ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು.

ಆದರೆ ಕಾನೂನು ಬಾಗಿಲು ತೆರೆಯಬಲ್ಲದು, ಒಳಗೆ ನಡೆಯಬೇಕಾದವರು ನಾವು. 2014ರಲ್ಲಿ ಆಂಡ್ರಾಯ್ಡಿನ ಐದನೆಯ ಆವೃತ್ತಿಯಲ್ಲಿ ಕನ್ನಡವೂ ಮಲಯಾಳವೂ ಒಟ್ಟಿಗೇ ಬಂದವು. ಅಂದಿನಿಂದ ಫೋನಿನ ಪರದೆಯನ್ನೆಲ್ಲ ಕನ್ನಡದಲ್ಲಿ ಇಟ್ಟುಕೊಳ್ಳಲು ಅವಕಾಶವಿದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹಾಗೆ ಇಟ್ಟುಕೊಂಡಿದ್ದಾರೆ? ತನ್ನ ಆಪನ್ನು ಬಳಸುವವರ ಫೋನು ಯಾವ ಭಾಷೆಯಲ್ಲಿದೆ ಎಂಬ ಲೆಕ್ಕ ಆಪ್ ಮಾಡಿದವನಿಗೆ ಸಿಗುತ್ತದೆ. ಆ ಲೆಕ್ಕದಲ್ಲಿ ನಾವು ಇಂಗ್ಲಿಷಿನವರೆಂದೇ ಬರೆಯಲ್ಪಟ್ಟರೆ, ನಾಳೆ ಬ್ಯಾಂಕಿನ ಆಪೋ ಕೃಷಿಯ ಆಪೋ ಕನ್ನಡದಲ್ಲಿ ಇಲ್ಲವೆಂದು ದೂರುವಾಗ ನಮ್ಮ ಮಾತಿಗೆ ತೂಕ ಕಡಿಮೆಯಾಗುತ್ತದೆ.

ಸಂತೆ ಕೂಡುವುದು ಮೈದಾನದ ಚಂದದಿಂದಲ್ಲ, ಬಂದವರ ಹೆಜ್ಜೆಯಿಂದ. ಮೈಕ್ರೋಸಾಫ್ಟಿನ ಬಳಿ ಹಣವಿತ್ತು, ಹೆಜ್ಜೆಗಳಿರಲಿಲ್ಲ. ನಮ್ಮ ಬಳಿ ಹಣವಿಲ್ಲ. ಹೆಜ್ಜೆಗಳು ಇನ್ನೂ ಇವೆ.