ಪೂಗಾದ ಕುದಿನೆಲ

ಲೇಹ್‌ನಿಂದ ಸಿಂಧೂ ನದಿಯ ದಂಡೆ ಹಿಡಿದು ಸಾಗುವ ದಾರಿ ಮಾಹೆ ಸೇತುವೆ ದಾಟಿ, ಸುಮ್ದೋ ಹತ್ತಿರ ಕವಲೊಡೆಯುತ್ತದೆ. ಅಲ್ಲಿಂದ ಒಳಗೆ ಪೂಗಾ ಕಣಿವೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರ. ಸುತ್ತ ಬೋಳು ಬೆಟ್ಟ, ನಡುವೆ ಹಸಿರು ಜೌಗು. ಆ ಜೌಗಿನಲ್ಲಿ ಅಲ್ಲಲ್ಲಿ ಕೆಸರು ಗುಳುಗುಳು ಕುದಿಯುತ್ತದೆ, ಬಿಳಿ ಆವಿ ಏಳುತ್ತದೆ, ಗಂಧಕದ ಕಮಟು ಮೂಗಿಗೆ ಅಡರುತ್ತದೆ. ತೊರೆಯಂಚಿನಲ್ಲಿ ಬಿಳಿಗಾರ ಹರಳುಗಟ್ಟಿದೆ. ಕೆಲವು ಬುಗ್ಗೆಗಳ ನೀರು 84 ಡಿಗ್ರಿಯವರೆಗೂ ಬಿಸಿ. ಗಾಳಿ ತೆಳುವಾದ ಈ ಎತ್ತರದಲ್ಲಿ ನೀರು ಕುದಿಯುವುದೇ ಹೆಚ್ಚುಕಡಿಮೆ ಅಷ್ಟಕ್ಕೆ. ಪಶ್ಮೀನಾ ಆಡುಗಳ ಹಿಂದೆ ಅಲೆಯುವ ಚಾಂಗ್ಪಾ ಜನರಿಗೆ ಇದು ಮೇವಿನ ನೆಲ.

ನೆಲದೊಳಗಿನ ಈ ಬಿಸಿಯನ್ನು ಅರಿಯಲು 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇಲ್ಲಿ 34 ಬಾವಿಗಳನ್ನು ಕೊರೆಯಿತು. ಅತ್ಯಂತ ಆಳದ್ದು 385 ಮೀಟರ್ ಮುಟ್ಟಿತು. ಆ ಬಿಸಿಯನ್ನು ಬಳಸುವ ಪ್ರಯೋಗವೂ ನಡೆಯಿತು. ವಿದ್ಯುತ್ ಮಾತ್ರ ಹುಟ್ಟಲಿಲ್ಲ. 2021ರಲ್ಲಿ ಓಎನ್‌ಜಿಸಿ 1 ಮೆಗಾವಾಟ್‌ನ ಪ್ರಾಯೋಗಿಕ ಸ್ಥಾವರಕ್ಕೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕೊರೆಯುವಾಗ ಒಳಗಿನ ಬಿಸಿದ್ರವ ಉಕ್ಕಿ ಪೂಗಾ ತೊರೆಗೆ ಹರಿಯಿತು, ಕೆಲಸ ನಿಂತಿತು.

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂಶಾಖ ಶಕ್ತಿಗೆಂದೇ ರಾಷ್ಟ್ರೀಯ ನೀತಿ ತಂದಿತು. ದೇಶದಲ್ಲಿ ಅಂದಾಜು 10,600 ಮೆಗಾವಾಟ್ ಸಾಮರ್ಥ್ಯವಿದೆ ಎಂಬ ಲೆಕ್ಕ ಅದರ ಬೆನ್ನಿಗಿದೆ. ದೀರ್ಘಾವಧಿ ಗುತ್ತಿಗೆ, ಏಕಗವಾಕ್ಷಿ ಅನುಮತಿ, ಶೇ 100 ವಿದೇಶಿ ಬಂಡವಾಳ, ಬಿಟ್ಟುಹೋದ ತೈಲಬಾವಿಗಳ ಮರುಬಳಕೆ: ಖಾಸಗಿಯವರನ್ನು ಕರೆಯುವ ಬಾಗಿಲುಗಳೆಲ್ಲ ಅದರಲ್ಲಿವೆ. ಆದರೆ ಬಂಡವಾಳಗಾರ ಅಂಜುವುದು ಕಾಗದಪತ್ರಕ್ಕಲ್ಲ, ಮೊದಲ ಬಾವಿಗೆ. ಬೋರ್‌ವೆಲ್ ಫೇಲಾದಾಗ ರೈತ ಪಡುವ ಸಂಕಟ ನಮಗೆ ಗೊತ್ತು. ಇಲ್ಲಿ ಕೊರೆಯಬೇಕಾದದ್ದು ಕಿಲೋಮೀಟರ್‌ಗಟ್ಟಲೆ, ಸುರಿಯಬೇಕಾದದ್ದು ಕೋಟಿಗಟ್ಟಲೆ. ಹಬೆ ಸಿಗದಿದ್ದರೆ ಅಷ್ಟೂ ಮಣ್ಣುಪಾಲು. ಯಾವ ಬ್ಯಾಂಕೂ ಅಂಥ ಕೆಲಸಕ್ಕೆ ಸುಲಭವಾಗಿ ಸಾಲ ಕೊಡದು.

ಕೀನ್ಯಾ ಇದನ್ನು ಬೇಗ ಅರಿತುಕೊಂಡಿತು. 2008ರಲ್ಲಿ ಅಲ್ಲಿನ ಸರ್ಕಾರ ಭೂಶಾಖಕ್ಕೆಂದೇ ಒಂದು ಕಂಪನಿ ಕಟ್ಟಿ, ಮೆನೆಂಗಾಯ್ ಜ್ವಾಲಾಮುಖಿಯ ಕುಳಿಯಲ್ಲಿ ತಾನೇ ಬಾವಿ ಕೊರೆಸಿತು. ಹಬೆ ಖಚಿತವಾದ ಮೇಲೆ ಅದನ್ನು ಖಾಸಗಿಯವರಿಗೆ ಮಾರುವ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಆ ಕುಳಿಯ ಮೊದಲ ಖಾಸಗಿ ಸ್ಥಾವರ, 35 ಮೆಗಾವಾಟ್‌ನದು, ವಿದ್ಯುತ್ ಕೊಡತೊಡಗಿತು. ನಷ್ಟದ ಭಯ ಸರ್ಕಾರದ ಹೆಗಲಿಗೇರಿದ್ದರಿಂದಲೇ ಖಾಸಗಿ ಹಣ ಕುಳಿಗಿಳಿಯಿತು.

ಪೂಗಾಕ್ಕೂ ಬೇಕಾದದ್ದು ಇದೇ. ಮೊದಲ ಆಳದ ಬಾವಿಗಳನ್ನು ಸರ್ಕಾರವೇ ಕೊರೆಸಲಿ, ಸಿಕ್ಕ ಬಿಸಿಯ ಲೆಕ್ಕವನ್ನು ಎಲ್ಲರ ಮುಂದಿಡಲಿ, ಆಮೇಲೆ ಟೆಂಡರ್ ಕರೆಯಲಿ. ಕೊರೆಯುವ ಮುನ್ನ ಚಾಂಗ್ಪಾ ಹಿರಿಯರನ್ನು ಕೂರಿಸಿಕೊಂಡು ಮಾತಾಡಬೇಕು. ತೊರೆಗೆ ಒಂದು ಹನಿ ದ್ರವ ಸೋರಿದರೂ ಹೊಣೆ ಯಾರದು, ಪರಿಹಾರ ಎಷ್ಟು ಎಂಬುದು ಗುತ್ತಿಗೆಯ ಮೊದಲ ಪುಟದಲ್ಲೇ ಇರಬೇಕು.